ಹನ್ನೆರಡನೇ ಪುಟದ ಚಿಕ್ಕಪ್ಪ

ಮೆಲ್ಬರ್ನ್, ಬುಧವಾರ

ಚಿಕ್ಕಮ್ಮಾ, ಇದನ್ನು ಒಬ್ಬಳೇ ಓದು.

ನಮ್ಮ ಮೂಲನಿವಾಸಿ ಜನರ ಸಾಧನೆಗಳ ಮಕ್ಕಳ ಪುಸ್ತಕ ಅಚ್ಚಾಗಿದೆ. ಇವತ್ತು ಇಲ್ಲಿನ ಶಾಲೆಯ ಮಕ್ಕಳು, ನಮ್ಮನ್ನು ಬಿಟ್ಟುಹೋದ ದೊಡ್ಡಪ್ಪನ ಹೆಸರನ್ನು ಒಕ್ಕೊರಲಿನಲ್ಲಿ ಓದಿದರು. ಪುಟದ ತುಂಬ ಅವರದೇ ನಗುಮುಖ. ತೀರಿಕೊಂಡವರ ಹೆಸರು ಹೇಳಬಾರದು, ಮುಖ ತೋರಿಸಬಾರದು ಅನ್ನುವ ನಮ್ಮ ಕಟ್ಟಳೆ ಆ ಮಕ್ಕಳಿಗೇನು ಗೊತ್ತು? ಕಿವಿ ಮುಚ್ಚಿಕೊಂಡು ಹೊರಗೆ ಓಡಿದೆ.

ತಪ್ಪು ನನ್ನದೇ. ಅವರು ತೀರಿಕೊಂಡ ಮರುದಿನವೇ ಪುಸ್ತಕ ಮಾಡುವ ಹೀದರ್‌ಗೆ ಫೋನ್ ಮಾಡಿ, ಒಬ್ಬರ ಪುಟವನ್ನು ಪುಸ್ತಕದಿಂದ ತೆಗೆದುಹಾಕಿ ಅಂದಿದ್ದೆ.

“ಯಾರದ್ದು? ಹೆಸರು ಹೇಳಮ್ಮ,” ಅಂದಳು.

ಸತ್ತವರ ಹೆಸರನ್ನು ನಾನು ಹೇಗೆ ಎತ್ತಲಿ? “ಕುದುರೆ ಪಕ್ಕ ನಿಂತಿದಾರಲ್ಲ, ಆ ಮುದುಕರದ್ದು,” ಅಂದೆ. ಅಣ್ಣತಮ್ಮ ಇಬ್ಬರೂ ತಂತಮ್ಮ ಚಿತ್ರದಲ್ಲಿ ಕುದುರೆ ಪಕ್ಕವೇ ನಿಂತಿದ್ದು ನೆನಪಾಗಲಿಲ್ಲ. ಅವಳು ಬದುಕಿರುವ ನಮ್ಮ ಚಿಕ್ಕಪ್ಪನನ್ನು ತೆಗೆದುಹಾಕಿದ್ದಾಳೆ.

ಮೂರು ಸಾವಿರ ಪ್ರತಿ ಅಚ್ಚಾಗಿ ಮುಗಿದಿವೆ. ಇನ್ನು ಏನೂ ಮಾಡಲು ಬರುವುದಿಲ್ಲವಂತೆ. ನಮ್ಮೂರ ಶಾಲೆಗೆ ಪುಸ್ತಕದ ಪೆಟ್ಟಿಗೆ ಮುಂದಿನ ವಾರ ಬರುತ್ತದೆ, ಯಾರೂ ಬಿಚ್ಚದಂತೆ ನೋಡಿಕೋ. ನನಗೆ ಚಳಿಗೆ ಕೆಮ್ಮು ಹಿಡಿದಿದೆ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ.

ನಿನಗೆ ಹೇಳೋಣವೆಂದು ಮಧ್ಯಾಹ್ನ ಫೋನ್ ಮಾಡಿದರೆ ಚಿಕ್ಕಪ್ಪನೇ ಎತ್ತಿದರು. “ಹನ್ನೆರಡನೇ ಪುಟದಲ್ಲಿ ಹೆಂಗೆ ಕಾಣ್ತಿದೀನಿ ಮಗಳೇ? ಟೋಪಿ ಚೆನ್ನಾಗಿ ಬಂದಿದ್ಯಾ?”

“ಬಂದಿದೆ ಚಿಕ್ಕಪ್ಪಾ,” ಅಂದುಬಿಟ್ಟೆ.

ರೊವೀನಾ