ತಿಪಟೂರಿಗೆ ಒಂದು ಗಾಡಿ

ಒಂಟಿಕೊಪ್ಪಲು, ಮೈಸೂರು
೨೦ ನವೆಂಬರ್ ೧೯೬೧, ಸೋಮವಾರ

ನನ್ನ ಮುದ್ದು ಮಗಳು ಪ್ರೇಮಲೀಲಾಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಮೈ ಹೇಗಿದೆ, ಪ್ರೇಮಾ? ಮಗು ರಾತ್ರಿ ನಿದ್ದೆ ಮಾಡುತ್ತಾನೆಯೇ? ಅವನಿಗೆ ಮೂಗು ಕಟ್ಟಿದೆ ಎಂದು ಹೋದ ಸಲ ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದಾಗಿನಿಂದ ನಿನ್ನ ಅಮ್ಮ ನನ್ನ ಜೀವ ತಿನ್ನುತ್ತಿದ್ದಾಳೆ. 'ಬಜೆ ತೇಯ್ದು ಹಾಕು ಅಂತ ಬರೀರಿ, ನೆತ್ತಿಗೆ ಹರಳೆಣ್ಣೆ ಒತ್ತು ಅಂತ ಬರೀರಿ, ಬಾಣಂತಿ ತಣ್ಣೀರು ಮುಟ್ಟಬ್ಯಾಡ ಅಂತ ಬರೀರಿ.' ಮಗುವಿಗೆ ಐದು ತಿಂಗಳಾಯಿತು, ಇನ್ನೆಲ್ಲಿಯ ಬಾಣಂತಿ ಎಂದರೆ ಕೇಳುವುದಿಲ್ಲ. ತನ್ನ ಕೈಯಾರೆ ನಿನಗೆ ಎಣ್ಣೆನೀರು ಹಾಕಲಿಲ್ಲವಲ್ಲ, ಅವಳ ಲೆಕ್ಕದಲ್ಲಿ ನೀನು ಇನ್ನೂ ಬಾಣಂತಿಯೇ. ಇಲ್ಲಿ ನಾವಿಬ್ಬರೂ ಕ್ಷೇಮ. ನನಗೆ ಮಂಡಿ ಹಿಡಿದುಕೊಳ್ಳುವುದು ಹಳೆಯ ಸುದ್ದಿ. ಅವಳು ಮಗುವಿಗೆ ಹೊಲಿದ ಕುಲಾವಿ ತಲುಪಿರಬೇಕು. ಅದರ ಒಂದು ಲಾಡಿ ಕೆಂಪು, ಇನ್ನೊಂದು ಹಸಿರು ಎಂದು ನಗಬೇಡ. ಮೈಸೂರಿನಲ್ಲಿ ಈಗ ಅದೇ ಹೊಸ ನಮೂನೆ ಎಂದು ನಿಮ್ಮ ಅತ್ತೆಗೆ ಹೇಳಿಬಿಡು.

ಅಂಚೆಯವನು ಕಾಗದವನ್ನು ಕೊಬ್ಬರಿ ಮಂಡಿಯಲ್ಲೇ ಕೊಡುತ್ತಾನೆ, ನಿನ್ನ ಮಾವನವರು ಒಡೆದು ಓದಿದ ಮೇಲೆಯೇ ಅದು ಒಳಮನೆಗೆ ಬರುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಬೀಗರಾದ ಚೆಲುವಯ್ಯನವರಿಗೆ ಇಲ್ಲಿಯೇ ನನ್ನ ನಮಸ್ಕಾರ. ಅವರು ಕಾಯುತ್ತಿರುವ ಸುದ್ದಿಯನ್ನೇ ಮೊದಲು ಬರೆಯುತ್ತೇನೆ. ಗಾಡಿ ಇನ್ನೂ ಸಿಕ್ಕಿಲ್ಲ.

ಸಿಕ್ಕಿಲ್ಲ ಎಂದರೆ ಹುಡುಕಿಲ್ಲ ಎಂದಲ್ಲ. ನಿನ್ನ ಮದುವೆಯ ಮಾತುಕತೆಯ ದಿನ ಅವರು ಎಲೆಅಡಿಕೆ ತಟ್ಟೆಯ ಮುಂದೆ ಕೂತು, 'ಹುಡುಗನಿಗೆ ಓಡಾಡೋದಕ್ಕೆ ಒಂದು ಗಾಡಿ ಆಗಬೇಕು' ಎಂದಾಗ, 'ಗಾಡಿ ತಾನೆ, ಕೊಡೋಣ ಬುಡಿ' ಎಂದು ಎದೆಯುಬ್ಬಿಸಿ ಹೇಳಿದವನು ನಾನೇ. ಹಿನಕಲ್ಲಿನಲ್ಲಿ ಹುಟ್ಟಿ ಬೆಳೆದವನಿಗೆ ಗಾಡಿ ಎಂದರೆ ಎರಡು ಎತ್ತು ಕಟ್ಟುವ ಗಾಡಿ. ಕೊಬ್ಬರಿ ಮೂಟೆ ಹೇರಲು ಕೇಳುತ್ತಿದ್ದಾರೆ, ಒಳ್ಳೆಯ ಹೊನ್ನೆಮರದ ಗಾಡಿಯನ್ನೇ ಮಾಡಿಸಿಕೊಡೋಣ ಎಂದುಕೊಂಡಿದ್ದೆ. ತಿಪಟೂರಿನ ಮಂಡಿಯವರ ಬಾಯಲ್ಲಿ ಗಾಡಿ ಎಂದರೆ ಮೋಟಾರು ಕಾರು ಎಂದು ತಿಳಿದದ್ದು ಧಾರೆ ಮುಗಿದ ಮೇಲೆ. ಐದಾರು ಜನ ಹಿರಿಯರ ಮುಂದೆ ವೀಳ್ಯ ಹಿಡಿದು ಆಡಿದ ಮಾತನ್ನು ನಾನು ನುಂಗುವವನಲ್ಲ. ಹುಣಸೆಮರದ ಹೊಲ ಮಾರಿದೆ. ಆದರೆ 'ಗಾಡಿ ಬರಲಿ, ಸೊಸೆ ಮಗು ಇಬ್ಬರನ್ನೂ ಅದರಲ್ಲೇ ಕೂರಿಸಿ ತವರಿಗೆ ಕಳಿಸ್ತೀವಿ' ಎಂದು ಅವರು ಪಟ್ಟು ಹಿಡಿದು, ಹೆರಿಗೆಗೂ ಕಳಿಸದೆ, ದೀಪಾವಳಿಗೂ ಕಳಿಸದೆ ಇರುವುದು ನನ್ನ ಹೊಟ್ಟೆಯನ್ನು ಉರಿಸುತ್ತದೆ. ಹಬ್ಬದ ದಿನ ನಿನ್ನ ಅಮ್ಮ ನಾಲ್ಕು ಎಲೆ ಹಾಕಿದಳು. ನಾವಿಬ್ಬರು ಉಂಡೆವು, ಮಿಕ್ಕ ಎರಡು ಎಲೆಯನ್ನು ಅವಳೇ ಮಡಚಿ ಇಟ್ಟಳು.

ಈಗ ಕಾರಿನ ಕಥೆ ಕೇಳು. ನನ್ನ ಜೊತೆ ಗಿರಣಿಯಲ್ಲಿದ್ದ ಪುಟ್ಟಸ್ವಾಮಿ ನಿನಗೆ ನೆನಪಿರಬೇಕು, ನಿನಗೆ ಸೈಕಲ್ ಕಲಿಸಲು ಹೋಗಿ ತಾನೇ ಚರಂಡಿಗೆ ಬಿದ್ದವನು. ಭಾನುವಾರ ಬಂತೆಂದರೆ ಅವನು ಪತ್ರಿಕೆಯ ಕೊನೆಯ ಪುಟ ಹಿಡಿದು ಬಾಗಿಲಿಗೆ ಹಾಜರು. ಅಲ್ಲಿ ಮನೆಯವರೇ ನೇರವಾಗಿ ಮಾರುವ ಹಳೆಯ ಕಾರುಗಳ ಜಾಹೀರಾತು ಇರುತ್ತವೆ. ದಲ್ಲಾಳಿಯ ಕಾಟವಿಲ್ಲ, ಮೋಸವಿರುವುದಿಲ್ಲ ಎಂದು ನಂಬಿಕೊಂಡು ಹೊರಟೆವು. ಮೊದಲನೆಯದು ಚಾಮುಂಡಿಪುರಂನಲ್ಲಿ. 'ಉತ್ತಮ ಸ್ಥಿತಿ, ಮನೆಯಲ್ಲೇ ಇಟ್ಟದ್ದು' ಎಂದು ಹಾಕಿದ್ದರು. ಮನೆಯಲ್ಲೇ ಇಟ್ಟದ್ದು ನಿಜ. ಹಿತ್ತಲಿನ ನುಗ್ಗೆಮರದ ಕೆಳಗೆ ಇಟ್ಟಿದ್ದರು, ಹಿಂದಿನ ಸೀಟಿನ ಮೇಲೆ ಒಂದು ಹೇಟೆ ಕಾವಿಗೆ ಕೂತಿತ್ತು. ಯಜಮಾನರು ಅದನ್ನು ಎಬ್ಬಿಸಬೇಡಿ ಎಂದು ನಮ್ಮನ್ನೇ ಗದರಿದರು. ಬೆಲೆ ಆರು ಸಾವಿರ! ಪುಟ್ಟಸ್ವಾಮಿ ಸುಮ್ಮನಿರುತ್ತಾನೆಯೇ? 'ಅದ್ರಲ್ಲಿ ಕೋಳಿನೂ ಸೇರ್ತದಾ, ಬರೀ ಮೊಟ್ಟೆ ಮಾತ್ರವಾ ಸ್ವಾಮಿ?' ಎಂದ. ಅಲ್ಲಿಂದ ಹೊರಗೆ ಬರಲು ನಮಗೆ ಗೇಟನ್ನೂ ತೆಗೆದುಕೊಡಲಿಲ್ಲ.

ಎರಡನೆಯದು ಒಬ್ಬ ವಕೀಲರದು. 'ಓಡುವ ಸ್ಥಿತಿಯಲ್ಲಿದೆ' ಎಂದಿತ್ತು. ನಾವು ಹೋದಾಗ ಕಾರನ್ನು ಇಳಿಜಾರಿನ ತುದಿಗೆ ತಂದು ನಿಲ್ಲಿಸಿದ್ದರು. ಒಳಗೆ ಕೂರಿಸಿದರು, ಕಾರು ಸರ್ರನೆ ಓಡಿತು, ಸದ್ದೇ ಇಲ್ಲ. ಎಂಥ ಮೆತ್ತನೆಯ ಎಂಜಿನ್ ಎಂದು ನಾನು ಬೆರಗಾದೆ. ಇಳಿಜಾರು ಮುಗಿದಾಗ ಕಾರೂ ಮುಗಿಯಿತು. ಎಂಜಿನ್ ಹತ್ತಿಯೇ ಇರಲಿಲ್ಲವಂತೆ. ಮೇಲಕ್ಕೆ ತಳ್ಳಿಕೊಂಡು ಬಂದವರೂ ನಾವೇ. ಆದರೂ ನಾನು ವ್ಯಾಪಾರ ಬಿಡಲಿಲ್ಲ ನೋಡು. ದನದ ಜಾತ್ರೆಯ ಅಭ್ಯಾಸ, ಹೆಗಲಿನ ಟವಲನ್ನು ಕೈಮೇಲೆ ಇಳಿಬಿಟ್ಟು, ಬೆರಳು ಹಿಡಿದು ಬೆಲೆ ಹೇಳಲಿ ಎಂದು ಅದರ ಕೆಳಗೆ ಕೈ ಚಾಚಿದೆ. ವಕೀಲರು ನಗುನಗುತ್ತಾ ಕೈ ಕುಲುಕಿಬಿಟ್ಟರು! ಆಮೇಲೆ ಬಾಯಲ್ಲೇ ಹೇಳಿದ ಬೆಲೆ ಕೇಳಿ ನನ್ನ ಕೈ ತಾನಾಗಿಯೇ ಹಿಂದಕ್ಕೆ ಬಂತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಂತೆ, ಅದಕ್ಕೇ ಹಳೆಯದಕ್ಕೂ ಹೊಸದರ ಬೆಲೆಯಂತೆ. ಎತ್ತಿಗಾದರೆ ಹಲ್ಲು ಹಿಡಿದು ವಯಸ್ಸು ನೋಡಬಹುದು, ಸುಳಿ ನೋಡಬಹುದು, ನಾಲ್ಕು ಹೆಜ್ಜೆ ನಡೆಸಿ ಕುಂಟು ನೋಡಬಹುದು. ಈ ಕಾರುಗಳಿಗೆ ಬಣ್ಣ ಬಳಿದು ನಿಲ್ಲಿಸಿದರೆ ಮುದಿಯೂ ಮದುಮಗನೇ.

ಈ ಜಾಹೀರಾತಿನವರ ಮಾತು ಓದಿ ಓದಿ ನನಗೆ ನಿನ್ನ ಅಮ್ಮನ ಮಾತೇ ನೆನಪಾಗುತ್ತದೆ. ಹೇಳುವುದು ಒಂದು, ತಿಳಿಯಬೇಕಾದದ್ದು ಇನ್ನೊಂದು. ಮುಗಿಯಿತು, ಇಲ್ಲ ಎಂಬ ಮಾತನ್ನು ಅವಳು ಎಂದಾದರೂ ಬಾಯಿಗೆ ತಂದದ್ದುಂಟೇ? ಮನೆಯಲ್ಲಿ ಇಲ್ಲ ಎಂದರೆ ಇಲ್ಲವೇ ಆಗುತ್ತದೆ ಎಂದು ಅವಳ ನಂಬಿಕೆ. ಉಪ್ಪು ತಳ ಕಂಡರೆ ಉಪ್ಪು ಹೆಚ್ಚಿದೆ, ಕೈಬಳೆ ಒಡೆದರೆ ಬಳೆ ಹೆಚ್ಚಿದೆ. ನೀನು ಲಂಗ ಹಾಕುತ್ತಿದ್ದ ಕಾಲದಲ್ಲಿ ಒಂದು ದಿನ, 'ಅಕ್ಕಿ ಹೆಚ್ಚಿದೆ, ಸುಮಿತ್ರಮ್ಮನವರಿಗೆ ಹೇಳಿ ಬಾ' ಎಂದು ಪಾತ್ರೆ ಕೊಟ್ಟು ಪಕ್ಕದ ಮನೆಗೆ ಕಳಿಸಿದಳು. ನೀನು ಹೋಗಿ, 'ನಮ್ಮನೇಲಿ ಅಕ್ಕಿ ಬೋ ಜಾಸ್ತಿಯಾಗ್ಬುಟ್ಟದೆ, ನಿಮಗೆ ಬೇಕಾ?' ಎಂದು ಕೇಳಿ, ಬೇಡವಂತೆ ಎಂದು ಖಾಲಿ ಪಾತ್ರೆ ಕುಣಿಸಿಕೊಂಡು ವಾಪಸ್ಸು ಬಂದೆ. ಆ ದಿನ ಮಧ್ಯಾಹ್ನ ಮೂವರೂ ಕಡಲೆಪುರಿ ತಿಂದು ನೀರು ಕುಡಿದೆವು. ನಾನು ನಕ್ಕದ್ದಕ್ಕೆ ನೀನು ಅತ್ತೆ, ನೀನು ಅತ್ತದ್ದಕ್ಕೆ ಅವಳು ನಕ್ಕಳು. ಈಗಲೂ ಅದನ್ನು ಜ್ಞಾಪಿಸಿದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ನಿನ್ನೆಯ ಕಾರಿಗೆ ಅವಳೂ ಬರುತ್ತೇನೆಂದು ಹೊರಟಳು. ಗೋಕುಲಂನಲ್ಲಿ ಒಬ್ಬರು ಪಿಂಚಣಿದಾರರ ಮನೆ. ಹತ್ತಿರವೇ ಆದರೂ ಜಟಕಾ ಮಾಡಿಸಿಕೊಂಡು ಹೋದೆವು. ಜಾಹೀರಾತಿನಲ್ಲಿ 'ಒಬ್ಬರೇ ಯಜಮಾನರು, ಹೊಸದರಂತಿದೆ, ಚೌಕಾಸಿಗೆ ಬರಬೇಡಿ' ಎಂದಿತ್ತು. ನೋಡಲು ನಿಜವಾಗಿಯೂ ಚೆನ್ನಾಗಿತ್ತು, ಪ್ರೇಮಾ. ಫಳಫಳ ಹೊಳೆಯುತ್ತಿತ್ತು, ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿದರೆ ಎಂಜಿನ್ನೂ ಹತ್ತಿತು. ನಿನ್ನ ಅಮ್ಮ ನನ್ನ ತೋಳು ಬಿಟ್ಟು ಕಾರಿನ ಮೈಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಸಂತೆಯಲ್ಲಿ ತೆಂಗಿನಕಾಯಿ ನೋಡುವಂತೆ ಬೆರಳಿನ ಗಿಣ್ಣಿನಿಂದ ಅಲ್ಲಲ್ಲಿ ಕುಟ್ಟಿದಳು. ಒಂದು ಕಡೆ ಠಣ್ ಎಂದಿತು, ಇನ್ನೊಂದು ಕಡೆ ಬದ್ ಎಂದಿತು. 'ಇಲ್ಲಿ ಏನೋ ಮೆತ್ತವ್ರೆ ಕಣ್ರೀ' ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ನನ್ನ ಕಣ್ಣಿಗೆ ಆ ಕಾರಿನಲ್ಲಿ ನೀನು ಕೂತು ಬರುವುದೇ ಕಾಣುತ್ತಿತ್ತು.

ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, 'ಇಲ್ಲಿ ಪ್ರೇಮ ಕೂತ್ಕೊಂಡ್ರೆ ಮಗೀನ ತಲೆ ಈ ಕಡೀಕೆ ಬತ್ತದೆ, ಬಾಗಿಲ ಗಾಳಿ ಹೊಡೆಯಾಕಿಲ್ಲ' ಎಂದಳು. ಆಮೇಲೆ, 'ಕೇಳಿದಷ್ಟು ಕೊಟ್ಬುಡಿ' ಎಂದಳು. ಇಷ್ಟು ವರ್ಷದಲ್ಲಿ ಸೊಪ್ಪಿನವಳಿಗೂ ಕೇಳಿದಷ್ಟು ಕೊಟ್ಟವಳಲ್ಲ ಅವಳು! ನಾನು ಒಳಜೇಬಿಗೆ ಕೈ ಹಾಕಿದೆ. ಅವಳು ಇಳಿಯಲೆಂದು ಕಾಲೂರಿದಳು. ಕೆಳಗೆ ಹಾಸಿದ್ದ ಹೊಸ ಚಾಪೆ ಕುಸಿದು, ಅವಳ ಕಾಲು ಕಾರಿನ ತಳ ದಾಟಿ ಅಂಗಳದ ಮಣ್ಣಿಗೆ ತಾಗಿತು. ತುಕ್ಕು ತಿಂದು ತಳವೇ ಇರಲಿಲ್ಲ. 'ರೀ, ನೆಲ ಸಿಕ್ತು ಕಣ್ರೀ' ಎಂದು ನಗತೊಡಗಿದಳು. ಪಾದ ಮಣ್ಣಿನ ಮೇಲೆ, ಉಳಿದ ಮೈಯೆಲ್ಲ ಕಾರಿನ ಒಳಗೆ, ಹಾಗೆಯೇ ಕೂತು ನಕ್ಕಳು. ನಾನೂ ನಕ್ಕೆ. ಯಜಮಾನರು ಮಾತ್ರ, 'ಅದೊಂದು ತಗಡು ಹೊಡೆಸಿಬಿಟ್ರೆ ಆಯ್ತು, ಬೆಲೆಯಲ್ಲಿ ಬದಲಾವಣೆ ಇಲ್ಲ' ಎಂದರು. ನಗುತ್ತಿದ್ದವಳು ಯಾವಾಗ ಅಳಲು ಶುರು ಮಾಡಿದಳೋ ತಿಳಿಯಲಿಲ್ಲ. ಕಾಲನ್ನು ಮೆಲ್ಲಗೆ ಎಳೆದು ತೆಗೆದೆ, ಮೀನಖಂಡದ ಹತ್ತಿರ ತಗಡು ಗೀರಿತ್ತು. ಅರಿಶಿನ ಹಚ್ಚಿದ್ದೇನೆ, ಗಾಬರಿಯಾಗಬೇಡ.

ಬೀಗರಿಗೆ ಹೇಳು, ಆಡಿದ ಮಾತು ಆಡಿದ್ದೇ. ಶಿವರಾತ್ರಿಯೊಳಗೆ ಹೇಗಾದರೂ ಮಾಡಿ ತಳವಿರುವ ಒಂದು ಕಾರನ್ನು ತಿಪಟೂರಿಗೆ ತಲುಪಿಸುತ್ತೇನೆ. ಅಳಿಯಂದಿರು ಸಿದ್ದರಾಜು ಅವರಿಗೆ ನನ್ನ ಆಶೀರ್ವಾದ ತಿಳಿಸು. ಅವರು ಒಳ್ಳೆಯ ಹುಡುಗ, ಅಪ್ಪನ ಮುಂದೆ ಬಾಯಿ ಬಾರದ್ದೊಂದೇ ಕೊರತೆ. ನಿಮ್ಮ ಅತ್ತೆಗೆ ನಮ್ಮಿಬ್ಬರ ನಮಸ್ಕಾರ. ಮಗುವಿಗೆ ದೃಷ್ಟಿ ತೆಗೆಯುವುದನ್ನು ಮರೆಯಬೇಡ. ನೀನು ಹೊಟ್ಟೆ ತುಂಬ ಉಣ್ಣು. ಹೂವಿನಂತಿರುವ ನನ್ನ ಮೊಮ್ಮಗ ನೂರು ವರ್ಷ ಬಾಳಲಿ, ನಿನ್ನ ಅರಿಶಿನ ಕುಂಕುಮ ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅಪ್ಪ,
ನಿಂಗಯ್ಯ

ಮರೆತ ಮಾತು: ಲಕೋಟೆಗೆ ಗೋಂದು ಹಚ್ಚುತ್ತಿದ್ದೆ, ನಿನ್ನ ಅಮ್ಮ ಕೈ ಹಿಡಿದು ನಿಲ್ಲಿಸಿದಳು. 'ನನ್ನ ಕಣ್ಣು ಹೆಚ್ಚಿದೆ ಅಂತ ಬರೀರಿ. ಅಷ್ಟೇ ಬರೀರಿ, ಅವಳಿಗೆ ತಿಳೀತದೆ' ಎಂದಳು. ನಿನ್ನ ಎದೆಹಾಲು ಬತ್ತೀತೆಂದು ಇಷ್ಟು ದಿನ ಬರೆಯಬೇಡಿ ಎಂದು ನನಗೆ ಆಣೆ ಹಾಕಿದ್ದವಳು ಈಗ ತಾನೇ ಬರೆಸುತ್ತಿದ್ದಾಳೆ. ಮಂಜಾಗಿದೆ ಎನ್ನುತ್ತಿದ್ದಳು, ಅಷ್ಟೇ ಎಂದು ನಾನೂ ನಂಬಿದ್ದೆ. ನಿನ್ನೆ ಜಟಕಾದಲ್ಲಿ ಬರುವಾಗ, 'ಆ ಕಾರು ಯಾವ ಬಣ್ಣ ಇತ್ತು?' ಎಂದು ಕೇಳಿದಳು. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ಪೊರೆಯಲ್ಲವಂತೆ, ನರವೇ ಬತ್ತಿದೆಯಂತೆ, ಡಾಕ್ಟರು ಮಾಡುವಂಥದ್ದು ಏನೂ ಇಲ್ಲವಂತೆ. ಇಷ್ಟೆಲ್ಲ ಓದಿದ ಮೇಲೂ ನಿನ್ನ ಮಾವನವರು ಕಣ್ಣು ಹೆಚ್ಚಿತಲ್ಲ, ಸಂತೋಷ ಎಂದರೆ ಅನ್ನಲಿ. ನೀನು ಮಾತ್ರ ಸುಮಿತ್ರಮ್ಮನ ಮನೆಗೆ ಹೋದ ಹುಡುಗಿಯ ಹಾಗೆ ತಿಳಿಯಬೇಡ, ಮಗಳೇ. ಶಿವರಾತ್ರಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ನಮ್ಮ ಮನೆಯಲ್ಲಿ ಗಾಡಿಯ ಮಾತೂ ಹೆಚ್ಚಿದೆ. ಗುರುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ, ಯಾರು ಏನೇ ಅಂದರೂ ಕರೆದುಕೊಂಡೇ ಹೊರಡುತ್ತೇನೆ. ಬಟ್ಟೆ ಕಟ್ಟಿಕೊಂಡಿರು. ಮಗುವಿನ ಕಾಲಿಗೆ ಗೆಜ್ಜೆ ಹಾಕಿ ಕರೆದುಕೊಂಡು ಬಾ.