ಅಜ್ಜಿ ಕೋಲಿನ ಹಿಡಿಕೆ

ಶೆಡ್ಡಿನ ಮೇಲಿನ ರೂಮು,
ಫೆಬ್ರವರಿ ೧೯, ರಾತ್ರಿ

ಪ್ರೀತಿಯ ಅಜ್ಜಿ,

ಹೇಗಿದ್ದೀಯ? ಮಂಡಿ ಏನಂತಿದೆ? ಹೊಸ ಮುಲಾಮು ಹಚ್ಕೊಂಡ ಮೇಲೆ ಮೆಟ್ಟಿಲು ಹತ್ತೋಕಾಗ್ತಿದೆ ಅಂತ ಗುಬ್ಬಿ ಹೇಳಿದ್ಳು. ಅದು ನಿಜಾನಾ, ಇಲ್ಲಾ ನಾನು ಚಿಂತೆ ಮಾಡ್ಬಾರ್ದು ಅಂತ ನೀನೇ ಹೇಳ್ಕೊಟ್ಟಿದ್ದಾ? ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ. ಹಲ್ಲುನೋವಿಗೆ ಕೆನ್ನೆ ಬೂದುಗುಂಬಳ ಆಗಿದ್ದಾಗಲೂ "ಸ್ವಲ್ಪ ದಪ್ಪ ಆಗ್ತಿದ್ದೀನಿ ಕಣೋ" ಅಂದವಳು ನೀನು. ಮೆಟ್ಟಿಲು ಹತ್ತೋದಾದ್ರೆ ನಿಧಾನಕ್ಕೆ ಹತ್ತು, ಮೇಲೇನೂ ಹಂಚ್ತಾ ಇಲ್ಲ.

ಫೋನಲ್ಲಿ ಮಾತಾಡಿದ್ರೆ ನಿಂಗೆ ಕೇಳಲ್ಲ, ಆದ್ರೆ ಕಣ್ಣು ಮಾತ್ರ ಹದ್ದಿಂದು. ಅದಕ್ಕೇ ಈ ಏರ್ಪಾಡು. ನಾನಿಲ್ಲಿ ಫೋನಿಗೆ ಹೇಳ್ತಾ ಹೋಗ್ತೀನಿ, ತುಂಡು ತುಂಡಾಗಿ ಕಳಿಸ್ತೀನಿ, ನನ್ನ ತಂಗಿ ಗುಬ್ಬಿ ಮಹಾರಾಣಿ ಅದನ್ನ ಕೇಳಿಸ್ಕೊಂಡು ದಪ್ಪ ಅಕ್ಷರದಲ್ಲಿ ಬರೆದು ಹಾಳೆ ಹಾಳೆ ನಿನ್ನ ಕೈಗೆ ಕೊಡ್ತಾಳೆ. ನಂಗಿಲ್ಲಿ ರಾತ್ರಿ, ನಿಮಗಲ್ಲಿ ಬೆಳಿಗ್ಗೆ. ಗುಬ್ಬೀ, ಒಂದಕ್ಷರ ಬಿಡ್ದೆ ಬರಿ, ನಿನ್ನ ಸ್ವಂತ ಬುದ್ಧಿ ಸೇರಿಸ್ಬೇಡ. (ಇದನ್ನೂ ಬರೆದ್ಯಾ? ಕತ್ತೆ.)

ಮೊದಲು ವಿಷಯ ಹೇಳಿಬಿಡ್ತೀನಿ, ಸುತ್ತಿ ಬಳಸೋದು ನನ್ನ ಕೈಲಾಗಲ್ಲ. ನಾವೀಗ ಜೋಡಿಸ್ತಿರೋ ಹಳೇ ವಿಮಾನಕ್ಕೆ ಒಂದು ಸಾಮಾನು ಸಿಗ್ತಿಲ್ಲ. ಕಂಡ ಕಂಡ ಗುಜರಿಗೆಲ್ಲ ಫೋನ್ ಮಾಡಿದ್ದಾಯ್ತು. ಅದು ಎಲ್ಲಿದೆ ಅಂತ ನಂಗೊಬ್ಬನಿಗೇ ಗೊತ್ತಿತ್ತು, ನಾನು ಬಾಯಿ ಬಿಡೋ ತನಕ. ಅದು ನಿನ್ನ ಕೋಲಿನ ಮೇಲಿದೆ ಅಜ್ಜಿ. ಹೂಂ, ನೀನೀಗ ಹಿಡ್ಕೊಂಡು ಕೂತಿದ್ದೀಯಲ್ಲ, ಆ ಹಿಡಿಕೆನೇ. ಕೇಳ್ಲಾ ಬೇಡ್ವಾ ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ. ಪೂರ್ತಿ ಓದು, ಆತುರ ಬೇಡ.

"ಮೊಮ್ಮಗ ವಿಮಾನ ಮಾಡ್ತಾನೆ" ಅಂತ ನೀನು ಬೀದಿಗೆಲ್ಲ ಸಾರ್ಕೊಂಡು ಬಂದಿದ್ದೀಯಂತೆ. ಮಾಡಲ್ಲ ಮಾರಾಯ್ತಿ. ವಿಮಾನ ಹಳೇದಾಗಿ ಗುಜರಿ ಸೇರಿದ್ಮೇಲೆ ಅಲ್ಲಿಯವರು ರೆಕ್ಕೆ, ಬಾಲ, ಹೊಟ್ಟೆ ಎಲ್ಲಾ ಕತ್ತರಿಸಿ ಕರಗಿಸೋಕೆ ಕಳಿಸ್ತಾರೆ. ಮೂತಿ ಮಾತ್ರ, ಅಂದ್ರೆ ಪೈಲಟ್ ಕೂರೋ ಗೂಡು, ಅದನ್ನ ಸೀಟಿನ ಹಿಂದಕ್ಕೆ ಕೊಯ್ದು ನಮ್ಮಂಥವರಿಗೆ ಕೊಡ್ತಾರೆ. ಲಾರಿ ಮೇಲೆ ಹಗ್ಗ ಬಿಗಿಸ್ಕೊಂಡು ಬರುತ್ತೆ, ನೋಡಿದ್ರೆ ಪಾಪ ಅನ್ಸುತ್ತೆ. ಒಳಗೆ ಹಕ್ಕಿಗೂಡು, ಇಲಿ ಹಿಕ್ಕೆ, ಯಾವ ಕಾಲದ್ದೋ ಒಣಗಿದ ಎಲೆ. ಮೀಟರ್‌ಗಳಿದ್ದ ಕಡೆ ಬರೀ ದುಂಡು ತೂತು, ಹಲ್ಲು ಕೀಳಿಸ್ಕೊಂಡ ಬಾಯಿ ಥರ. ನಾವು ಅದನ್ನ ತೊಳೆದು, ತುಕ್ಕು ಕೆರೆದು, ಕಳೆದುಹೋದ ಒಂದೊಂದು ಮೀಟರನ್ನೂ ಬೇರೆ ಬೇರೆ ಕಡೆಯಿಂದ ಹುಡುಕಿ ತಂದು, ಪೈಲಟ್ ನಿನ್ನೆ ಸಂಜೆ ಇಳಿದು ಹೋದ ಹಾಗೆ ಮಾಡ್ಬೇಕು. ಹೊಸಬರಿಗೆ ಮೊದಲ ಕೆಲಸ ಕಸ ಜರಡಿ ಹಿಡಿಯೋದು. ನನ್ನ ಜರಡಿಯಲ್ಲಿ ಪೆನ್ಸಿಲ್ ತುಂಡು, ಅಂಗಿ ಗುಂಡಿ, ಯಾರೋ ತಿಂದು ಮಡಚಿಟ್ಟ ಪೆಪ್ಪರ್‌ಮಿಂಟಿನ ಕಾಗದ ಸಿಕ್ತು. ಕಾಗದ ಬಿಸಾಕೋಕೆ ಹೋದೆ, ಅದೂ ವಿಮಾನದ್ದೇ ಅಂತ ಯಜಮಾನರು ಬೈದ್ರು.

ನಮ್ಮ ಯಜಮಾನರಿಗೆ ನಾನಿಟ್ಟಿರೋ ಹೆಸರು ಸ್ಕ್ರೂ ತಾತ. ಬಾಯಿ ತುಂಬ ಸ್ಕ್ರೂ ಇಟ್ಕೊಂಡೇ ಮಾತಾಡ್ತಾರೆ, ಒಂದೊಂದಾಗಿ ತೆಗೆದು ಹಾಕ್ತಾ ಹೋಗ್ತಾರೆ, ಸ್ಕ್ರೂ ಖಾಲಿ ಆಗ್ತಿದ್ದ ಹಾಗೆ ಮಾತು ಸ್ಪಷ್ಟ ಆಗುತ್ತೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನ ಅರ್ಥ ಆಗುತ್ತೆ ಅಂದ್ಕೋ. ಅವರನ್ನ ಬಿಟ್ರೆ ಮೀಟರ್ ಮುಖದ ಮೇಲೆ ಅಂಕಿ ಬರೆಯೋ ಡಯಲ್ ಅಕ್ಕ. ಆಕೇನೂ ನನ್ನ ಹಾಗೆ ಎಲ್ಲಿಂದಲೋ ಬಂದವಳು, ಕೂದಲೆಳೆ ಥರದ ಬ್ರಶ್ಶಲ್ಲಿ ಉಸಿರು ಹಿಡಿದು ಬರೀತಾಳೆ. ನಾನು ಒಂದು ಕಡೆ ನಿಲ್ಲಲ್ವಲ್ಲ, "ಟೇಬಲ್ಲಿನ ಹತ್ರ ಬಂದ್ರೆ ಕಾಲಿಗೆ ಗೂಟ ಹೊಡಿತೀನಿ" ಅಂತಾಳೆ. ನೀನು ಬುಗುರಿ ಅಂತ ಹೆಸರಿಟ್ಟಿದ್ದು ಇವರಿಗೆ ಹೇಗೋ ಗೊತ್ತಾಗಿಬಿಟ್ಟಿದೆ.

ಮೊದಲ ದಿನ ಆ ಗೂಡೊಳಗೆ ಇಳಿದಾಗ ಏನಾಯ್ತು ಗೊತ್ತಾ? ವಾಸನೆ. ಹಳೇ ರಬ್ಬರು, ಆಯಿಲ್ಲು, ಬೆವರು ಕುಡಿದ ಚರ್ಮ. ನಮ್ಮ ಅಜ್ಜನ ಅಂಗಿ ಅಜ್ಜಿ, ಹಾಗೇ! ಗುಜರಿ ಅಂಗಡಿ ಬಾಗಿಲು ಹಾಕ್ಕೊಂಡು ಬಂದು ಗೂಟಕ್ಕೆ ನೇತು ಹಾಕ್ತಿದ್ರಲ್ಲ, ಆ ಅಂಗಿ. ಸುಮ್ನೆ ಸೀಟಿನ ಚೌಕಟ್ಟಿನ ಮೇಲೆ ಕೂತುಬಿಟ್ಟೆ. ಸ್ಕ್ರೂ ತಾತ ಕೆಳಗಿಂದ ಏನೋ ಕೂಗಿದ್ರು, ಬಾಯಲ್ಲಿ ಸ್ಕ್ರೂ ಇತ್ತು, ಅರ್ಥ ಆಗ್ಲಿಲ್ಲ, ಒಳ್ಳೇದೇ ಆಯ್ತು.

ನಿನ್ನ ಹಿಡಿಕೆ ಇದ್ದ ವಿಮಾನ ಅಜ್ಜನ ಗುಜರಿ ಅಂಗಡಿಗೆ ಬಂದಿದ್ದು ನಾನು ಹುಟ್ಟೋಕೂ ಮುಂಚೆ. ಆದ್ರೂ ನೀನು ಎಷ್ಟು ಸಲ ಹೇಳಿದ್ದೀಯ ಅಂದ್ರೆ ನಾನೇ ನಿಂತು ನೋಡಿದ ಹಾಗಿದೆ. ಲಾರಿ ತಿರುವಲ್ಲಿ ಸಿಕ್ಕಾಕ್ಕೊಂಡಿದ್ದು, ಟೈಲರು ಅಂಗಡಿ ಬಿಟ್ಟು ಓಡಿ ಬಂದು "ಇದು ಹಾರುತ್ತಾ?" ಅಂತ ಕೇಳಿದ್ದು, ಅಜ್ಜ "ಇವತ್ತು ರಜಾ" ಅಂದಿದ್ದು. ವಾರದೊಳಗೆ ಅಷ್ಟು ದೊಡ್ಡ ವಿಮಾನ ಒಡೆದು ರಾಶಿ ಆಯ್ತು, ರಾಶಿ ಲಾರಿ ಹತ್ತಿ ಹೋಗಿ ಪಾತ್ರೆ ಆಯ್ತು. ಅದೇ ವರ್ಷ ನೀನು ಜಾರಿ ಬಿದ್ದು ಕಾಲು ಮುರ್ಕೊಂಡೆ. ಡಾಕ್ಟ್ರು ಕೊಟ್ಟ ಮರದ ಕೋಲನ್ನ "ಇದು ಮುದುಕಿಯರದ್ದು" ಅಂತ ಮಂಚದ ಕೆಳಗೆ ತಳ್ಳಿದೆ. ಆಗ ಅಜ್ಜ ಎತ್ತಿಟ್ಕೊಂಡಿದ್ದ ಪೈಲಟ್ಟಿನ ಹಿಡಿಕೆ ತಂದು, ಒಂದು ಪೈಪಿನ ತಲೆಗೆ ಬಿಗಿದು, "ತಗೋ, ಇದು ಯುದ್ಧ ವಿಮಾನದ್ದು ಕಣೇ, ಮುದುಕಿಯರದ್ದಲ್ಲ" ಅಂದ್ರಂತೆ. "ಹಾಗಾದ್ರೆ ಕೊಡಿ" ಅಂದ್ಯಂತೆ. ಅಜ್ಜ ಹೋದ ಮೇಲೆ ಅವರ ಎಲ್ಲಾ ಸಾಮಾನನ್ನೂ ಯಾರು ಯಾರಿಗೋ ಕೊಟ್ಟೆ, ಇದೊಂದನ್ನ ದಿಂಬಿನ ಪಕ್ಕ ಮಲಗಿಸ್ಕೊಂಡೆ.

ನೆನಪಿದ್ಯಾ, ಸ್ಕೂಲಿಗೆ ಹೋಗ್ತಾ ನಿನ್ನ ಕೈ ಹಿಡಿಕೆಯ ಮೇಲೆ, ನನ್ನ ಕೈ ಅದರ ಕೆಳಗೆ? ಹೆಬ್ಬೆರಳ ಹತ್ರ ಪೈಲಟ್ಟು ಬಾಂಬು ಹಾಕೋಕೆ ಒತ್ತೋ ಆ ಕೆಂಪು ಗುಂಡಿ. ನಾಯಿ ಬೊಗಳಿದ್ರೆ ಒತ್ತು, ಬಸ್ ನಿಲ್ಲಿಸದ ಕಂಡಕ್ಟರಿಗೆ ಒತ್ತು, ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರಿಗೆ ಕಾಂಪೌಂಡಿನ ಆಚೆಯಿಂದಲೇ ಒತ್ತು. "ಒತ್ತಿದ್ದೀನಿ, ಸಂಜೆಯೊಳಗೆ ಮಾಯ ಆಗ್ತಾರೆ ನೋಡು" ಅಂತಿದ್ದೆ. ಮೇಷ್ಟ್ರು ಮಾರನೇ ದಿನಾನೂ ಬಂದಾಗ ನನಗೆಷ್ಟು ಬೇಜಾರು! "ಇವರು ಗಟ್ಟಿ, ಎರಡು ಸಲ ಬೇಕು" ಅಂದೆ. ನಾನು ಮನೆ ಬಿಟ್ಟು ಹೊರಟ ದಿನ ಎಲ್ಲರೂ ಅಳ್ತಿದ್ರೆ ನೀನು ಗೇಟಲ್ಲಿ ನಿಂತು ಗುಂಡಿ ಒತ್ತಿ "ಹೋಗು" ಅಂದ್ಯಲ್ಲ, ಟ್ಯಾಕ್ಸಿ ತಿರುಗೋವರೆಗೂ ನಗ್ತಿದ್ದೆ ನಾನು. ಆಮೇಲಿಂದು ಬೇಡ ಬಿಡು.

ತಡಿ, ಪಕ್ಕದ ರೂಮಿನವನು ಗೋಡೆ ಬಡೀತಿದ್ದಾನೆ. ಮೆಲ್ಲಗೆ ಹೇಳ್ತೀನಿ.

ಈ ಸಲ ಬಂದಿರೋದು ಅದೇ ಜಾತಿ ವಿಮಾನ. ಮಕ್ಕಳ ಮ್ಯೂಸಿಯಮ್ಮಿಗೆ ಹೋಗುತ್ತೆ, ಮಕ್ಕಳು ಹತ್ತಿ ಕೂತು ಆಡಿಸಬಹುದು. ಎಲ್ಲಾ ಕೂತಿದೆ, ಸೀಟಿನ ಮುಂದಿನ ಕಂಬಿ ಮಾತ್ರ ತಲೆಯಿಲ್ಲದ ಕತ್ತಿನ ಥರ ನಿಂತಿದೆ. ಊಟಕ್ಕೆ ಕೂತಾಗ ಸ್ಕ್ರೂ ತಾತ ಆ ಹಿಡಿಕೆಯ ಚಿತ್ರ ತೋರಿಸಿದ್ರು. ನಾನು ತಡೀಲಾರದೆ "ಅಯ್ಯೋ, ಇದು ನಮ್ಮಜ್ಜಿ ಕೋಲು" ಅಂದುಬಿಟ್ಟೆ. ಎಲ್ಲರೂ ನಕ್ಕರು. ಫೋನಲ್ಲಿದ್ದ ನಿನ್ನ ಫೋಟೋ ತೋರಿಸ್ದೆ. ತಾತ ಅದನ್ನ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಹಿಡಿಕೆಯ ಕತ್ತಿನ ಮೇಲೆ ಅಚ್ಚೊತ್ತಿರೋ ನಂಬರು ನೋಡಿದ್ರು. ನಿನ್ನ ಮುಖ ಪಕ್ಕಕ್ಕೆ ಹೋಯ್ತು, ನಂಗೆ ಒಂಥರಾ ಆಯ್ತು. "ಕೇಳು" ಅಂದ್ರು. "ಬೆಳ್ಳಿ ತಲೆಯ ಕೋಲು ಮಾಡಿಸಿ ಕಳಿಸ್ತೀನಿ, ಕೇಳು." ಇಷ್ಟು ವರ್ಷದಲ್ಲಿ ಈ ಶೆಡ್ಡಿಂದ ಒಂದೂ ನಕಲಿ ಸಾಮಾನು ಹೊರಗೆ ಹೋಗಿಲ್ಲ, ಅದು ಅವರ ಹಟ. ಡಯಲ್ ಅಕ್ಕನೂ "ಕೇಳೋದ್ರಲ್ಲಿ ಏನಿದೆ? ಇಷ್ಟ ಇಲ್ಲದಿದ್ರೆ ಇಲ್ಲ ಅಂತಾರೆ" ಅಂದ್ಳು.

ಆಕೆಗೆ ನೀನು ಗೊತ್ತಿಲ್ಲ. ನಂಗೆ ಇಲ್ಲ ಅನ್ನೋಕೆ ನಿಂಗೆ ಬರುತ್ತಾ? ಕಂಬಳಿ ಚೆನ್ನಾಗಿದೆ ಅಂದಿದ್ದಕ್ಕೆ ನನ್ನ ಪೆಟ್ಟಿಗೆಯೊಳಗೆ ತುರುಕಿ, ಆ ಚಳಿಯಲ್ಲಿ ನೀನು ಎರಡು ಸೀರೆ ಹೊದ್ಕೊಂಡು ಮಲಗಿದ್ದೆ ಅಂತ ಆಮೇಲೆ ಅಮ್ಮ ಹೇಳಿದ್ಳು. ನಿನ್ನ ಹತ್ರ ಕೇಳೋದೂ ಒಂದೇ, ಕಿತ್ಕೊಳ್ಳೋದೂ ಒಂದೇ. ಆದ್ರೂ ಆಸೆ ಅಜ್ಜಿ. ಸುಳ್ಳು ಯಾಕೆ ಹೇಳ್ಲಿ. ನಮ್ಮಜ್ಜ ಉಳಿಸಿದ್ದನ್ನ ನನ್ನ ಕೈಯಾರೆ ಆ ಕಂಬಿ ಮೇಲೆ ಕೂರಿಸ್ಬೇಕು, ಯಾವುದೋ ಮಗು ಆ ಗುಂಡಿ ಒತ್ಬೇಕು ಅಂತ ಆಸೆ.

ಕೇಳೋಕೆ ಬಾಯಿ ಬರದೆ, ಮರದ ತುಂಡು ತಗೊಂಡು ನಾನೇ ಕೆತ್ತಿದೆ. ಚಿತ್ರದಲ್ಲಿ ಅಳತೆ ಇರ್ಲಿಲ್ಲ. ಬೇಡ, ನನ್ನ ಕೈಗೇ ಗೊತ್ತಲ್ಲ ಅಂದ್ಕೊಂಡೆ. ಕಣ್ಣು ಮುಚ್ಚಿ ನಿನ್ನ ಜೊತೆ ಸ್ಕೂಲಿಗೆ ನಡ್ಕೊಂಡು ಹೋಗೋದು, ಕಣ್ಣು ಬಿಟ್ಟು ಕೆತ್ತೋದು. ಎಷ್ಟು ಚೆನ್ನಾಗಿ ಬಂತು ಅಂದ್ರೆ ನಂಗೇ ಜಂಬ. ಬೆರಳಿನ ಹಳ್ಳ, ಗುಂಡಿಯ ಜಾಗ, ಹಿಂದಿನ ಬಾಗು, ಎಲ್ಲಾ ಸರಿ. ಒಯ್ದು ಕಂಬಿ ಮೇಲಿಟ್ರೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ಕುಂಬಳಕಾಯಿಯಷ್ಟಿತ್ತು ಅಜ್ಜಿ! ಸ್ಕ್ರೂ ತಾತ ನಕ್ಕು ಬಾಯಿಂದ ಸ್ಕ್ರೂ ಎಲ್ಲಾ ಉದುರಿ, ಅವರೇ ಮಂಡಿಯೂರಿ ಆಯ್ಕೊಂಡ್ರು. ಆಮೇಲೆ ಅದನ್ನ ಎರಡೂ ಕೈಯಲ್ಲಿ ಹಿಡಿದು ನೋಡಿ ಕೇಳಿದ್ರು, "ನೀನು ಅದನ್ನ ಹಿಡ್ಕೊಂಡು ಓಡಾಡ್ತಿದ್ದಾಗ ಎಷ್ಟು ವಯಸ್ಸು?" ಆರು ಅಂದೆ. "ಹಾಗಾದ್ರೆ ಅಳತೆ ಸರಿಯಾಗೇ ಇದೆ" ಅಂದ್ರು, ನಗ್ಲಿಲ್ಲ. ಅದನ್ನ ಮೆಲ್ಲಗೆ ಕೆಳಗಿಟ್ಟು, "ಹಿಡಿಕೆ ಬರ್ಲಿ, ಇಲ್ಲಾ ಅದರ ಅಳತೆ ಬರ್ಲಿ. ಅಳತೆ ಬಂದ್ರೆ ಹೊಸದು ಮಾಡಿ, ಕೆಳಗೆ ನಕಲು ಅಂತ ಕೆತ್ತಿ ಹಾಕೋಣ. ನಿಮ್ಮಜ್ಜಿಗೋಸ್ಕರ ಇದೊಂದು ಸಲ" ಅಂದ್ರು. ಯಾವುದು ಅಂತ ನಾನೇ ಹೇಳ್ಬೇಕಂತೆ. ಅಲ್ಲಿಂದ ನಿದ್ದೆ ಇಲ್ಲ. ಒಂದು ಗಳಿಗೆ ಕೇಳ್ಬೇಕು ಅನ್ಸುತ್ತೆ, ಇನ್ನೊಂದು ಗಳಿಗೆ ಕಪಾಳಕ್ಕೆ ಹೊಡ್ಕೋಬೇಕು ಅನ್ಸುತ್ತೆ. ನಾಳೆವರೆಗೆ ಸಮಯ ಇದೆ, ಯೋಚನೆ ಮಾಡಿ ಹೇಳ್ತೀನಿ.

ಅಪ್ಪನಿಗೆ ನಾನು ಚೆನ್ನಾಗಿ ತಿಂತಿದ್ದೀನಿ ಅಂತ ಹೇಳು, ಅಮ್ಮನಿಗೆ ಹೇಳ್ಬೇಡ, ನಂಬಲ್ಲ. ಗುಬ್ಬಿಗೆ ಕೈನೋವು ಬಂದಿದ್ರೆ ಮುಲಾಮು ಕೊಡು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೀನಿ, ತಲೆ ಮೇಲೆ ಕೈಯಿಟ್ಟು ಒಂದು ಮೊಟಕು ಕೊಟ್ಟುಬಿಡು.

ನಿನ್ನ
ಬುಗುರಿ

ತಾ.ಕ.: ಗುಬ್ಬೀ, ನಿನ್ನ ಮೆಸೇಜು ಈಗ ನೋಡ್ದೆ, ಮಿಕ್ಕಿದ್ದೆಲ್ಲ ಬಿಡು, ಈ ಹಾಳೆ ಮೊದಲು ಬರೆದು ಅಜ್ಜಿ ಮುಖಕ್ಕೆ ಹಿಡಿ. ಅಜ್ಜಿ, ನಿಲ್ಲು! ಮೊದಲ ಹಾಳೆ ಓದಿದ ಕೂಡ್ಲೇ ಅಪ್ಪನ ಸ್ಕ್ರೂಡ್ರೈವರ್ ತಂದು ಹಿಡಿಕೆ ಬಿಚ್ಚಿದ್ದೀಯಂತೆ, ಮಿಕ್ಕ ಹಾಳೆ ಮುಟ್ಟೇ ಇಲ್ವಂತೆ, ಪಾರ್ಸಲ್ಲಿಗೆ ಡಬ್ಬ ಹುಡುಕ್ತಾ ಗೋಡೆ ಹಿಡ್ಕೊಂಡು ಓಡಾಡ್ತಿದ್ದೀಯಂತೆ. ಕಳಿಸ್ಬೇಡ. ನಂಗೆ ಬೇಡ. ತೀರ್ಮಾನ ಆಯ್ತು. ಒಂದು ದಾರ ತಗೊಂಡು ಹಿಡಿಕೆಯ ಮೇಲೆ, ನಡುವೆ, ಕೆಳಗೆ ಸುತ್ತಿ ಕತ್ತರಿಸು, ಆ ದಾರದ ತುಂಡು ಮಾತ್ರ ಕವರಿಗೆ ಹಾಕು, ಸಾಕು. ಸಂಜೆ ಅಪ್ಪ ಬಂದು ಹಿಡಿಕೆ ವಾಪಸ್ ಬಿಗೀಲಿ, ಒಂಚೂರೂ ಅಲ್ಲಾಡಬಾರ್ದು. ಅಲ್ಲೀತನಕ ಎಲ್ಲೂ ಹೋಗ್ಬೇಡ. ಅಜ್ಜಿ, ಇದನ್ನ ನಿಂತ್ಕೊಂಡು ಓದ್ತಿದ್ದೀಯಾ? ಮೊದಲು ಕೂತ್ಕೋ.