ನಡುವಿನ ಪಟ್ಟಿ

ಮಂಗಳವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡು. ನಿನ್ನ ಸೊಂಟದಲ್ಲಿರುವ ಚಾಕುವನ್ನು ಒರೆಯ ಸಮೇತ, ಬೆಲ್ಟಿನ ಸಮೇತ ಬಿಚ್ಚಿ ಕೆಳಗಿಡು. ಚಾಕುವನ್ನು ಒರೆಯಿಂದ ಎಳೆಯಬೇಡ. ಇಟ್ಟೆಯಾ? ಈಗ ಕೂತು ಓದು.

ಅಕ್ಷರ ನೋಡಿ ಗಾಬರಿಯಾಗಬೇಡ, ಬರೆಯುತ್ತಿರುವವಳು ನಿನ್ನ ಅಮ್ಮ. ನನ್ನ ಬಲಗೈ ಹೆಬ್ಬೆರಳಿಗೆ ಚರ್ಮ ಹೊಲಿಯುವ ದಬ್ಬಳ ಚುಚ್ಚಿ ಊದಿಕೊಂಡಿದೆ, ಪೆನ್ನು ಹಿಡಿಯಲಾಗುತ್ತಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ತನ್ನದೊಂದು ಮಾತೂ ಸೇರಿಸಬಾರದು ಎಂದು ಕರಾರು ಮಾಡಿಕೊಂಡೇ ಕೂರಿಸಿದ್ದೇನೆ. ಆಗಲಿ ಎಂದಿದ್ದಾಳೆ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನನ್ನ ಯಾವ ಮಾತಿಗೂ ಇಷ್ಟು ಬೇಗ ಆಗಲಿ ಎಂದವಳಲ್ಲ.

ಎರಡು ವರ್ಷ ನೀನು ಅಮ್ಮನಿಗೆ ಮಾತ್ರ ಬರೆಯುತ್ತಿದ್ದೆ. ಕೊನೆಯಲ್ಲಿ ಎಲ್ಲರಿಗೂ ನಮಸ್ಕಾರ ಎಂದು ಒಂದು ಸಾಲು. ಈ ಮನೆಯಲ್ಲಿರುವುದೇ ಇಬ್ಬರು. ಒಬ್ಬಳಿಗೆ ಇಡೀ ಪತ್ರ ಹೋದಮೇಲೆ ಆ ಎಲ್ಲರೂ ಎಂದರೆ ನಾನೇ ಇರಬೇಕು ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹಾಗಿರುವಾಗ ನನ್ನ ಹೆಸರಿಗೇ ನಿನ್ನ ಪತ್ರ ಬಂತು. ನಾಲ್ಕೇ ಸಾಲು. ಬೆಟ್ಟದ ಮೇಲೆ ಭೂಮಿ ಅಳತೆಯ ಕೆಲಸದಲ್ಲಿ ಹಗ್ಗ ಕೊಯ್ಯುವಾಗ ಮಡಚುವ ಚಾಕುವಿನ ಕೀಲಿಗೆ ಮಣ್ಣು ಸೇರಿ, ಅದು ತಾನೇ ಮಡಚಿಕೊಂಡು ನಿನ್ನ ಬೆರಳು ಕೊಯ್ದಿದೆ, ಸೈನಿಕರು ಇಟ್ಟುಕೊಳ್ಳುವಂಥ ಮಡಚದ ಚಾಕು ಒಂದು ಬೇಕು, ಯಾವುದು ಒಳ್ಳೆಯದು ಅಂತ ನಿಮಗೇ ಗೊತ್ತು ಅಪ್ಪ, ನೀವೇ ಆರಿಸಿ ಕಳಿಸಿ ಎಂದಿದ್ದೆ. ಆ ನಿಮಗೇ ಎನ್ನುವ ಮಾತನ್ನು ನಿನ್ನ ಅಮ್ಮನಿಂದ ಮೂರು ಸಲ ಓದಿಸಿದೆ. ಕನ್ನಡಕ ಎಲ್ಲೋ ಇಟ್ಟು ಮರೆತಿದ್ದೆ.

ಸೈನ್ಯಕ್ಕೆ ಸರಕು ಒದಗಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೆಲ್ಟು, ಚೀಲ, ಒರೆ ಹೊಲಿದವನು ನಾನು. ನನ್ನನ್ನು ಕೇಳದೆ ನೀನು ಬೇರೆ ಯಾರನ್ನು ಕೇಳಬೇಕು? ಮೂರು ಮಧ್ಯಾಹ್ನ ಅಂಗಡಿಗೆ ಹೋದೆ. ನಾನು ಒರೆ ಹೊಲಿದುಕೊಡುವ ಅದೇ ಅಂಗಡಿ. ಅಂಗಡಿಯವನು ಮೊದಲು ಒಂದು ವೇಷಗಾರ ಚಾಕು ತಂದು ಮುಂದಿಟ್ಟ. ಬೆನ್ನಿಗೆ ಗರಗಸ, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ತುದಿಯಲ್ಲಿ ದಿಕ್ಕು ತೋರಿಸುವ ಮುಳ್ಳು. ಯಜಮಾನ್ರೇ, ಈಗ ಎಲ್ಲರೂ ಇದನ್ನೇ ಕೇಳ್ತಾರೆ ಅಂದ. ಕೇಳಲಿ, ಒಂದು ಗೂಟ ಬಡಿಯೋಷ್ಟರಲ್ಲಿ ಹಿಡಿ ಒಂದು ಕಡೆ ಅಲಗು ಒಂದು ಕಡೆ ಆಗತ್ತೆ, ಆಮೇಲೆ ಆ ಮುಳ್ಳು ನೋಡ್ಕೊಂಡು ಮನೆಗೆ ವಾಪಸ್ ಬರಬಹುದು ಅಂದೆ. ನಿನ್ನ ಅಮ್ಮ ನಗುತ್ತಿದ್ದಾಳೆ. ನಕ್ಕದ್ದನ್ನೂ ಬರೆ ಎಂದಿದ್ದೇನೆ.

ನಿನಗೆ ಕಳಿಸಿದ್ದು ಹಳೆಯ ಸೈನ್ಯದ ಮಾದರಿ. ಅಲಗು ಏಳು ಇಂಚು. ಅಲಗಿನ ಉಕ್ಕೇ ಹಿಡಿಯೊಳಗೆ ಕೊನೆಯತನಕ ಇಳಿದಿದೆ, ಬೆಸುಗೆ ಎಲ್ಲೂ ಇಲ್ಲ. ಹಿಡಿಗೆ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಬಿಗಿದು ಉಜ್ಜಿದ್ದಾರೆ, ಬೆವರಿದರೂ ಜಾರುವುದಿಲ್ಲ. ಕೈ ಮುಂದೆ ಸರಿಯದಂತೆ ಅಡ್ಡಪಟ್ಟಿ ಇದೆ. ಹಿಂದಿನ ಉಕ್ಕಿನ ಬಿಲ್ಲೆಯಿಂದ ಡೇರೆಯ ಗೂಟ ಹೊಡೆಯಬಹುದು. ಅಲಗಿನ ಮೇಲಿನ ಕಾಲುವೆ ರಕ್ತ ಹರಿಯುವುದಕ್ಕೆ ಎಂದು ನಿನ್ನ ಜೊತೆಯವರು ಯಾರಾದರೂ ಕಣ್ಣರಳಿಸಿ ಹೇಳಿದರೆ ನಂಬಬೇಡ, ಅದು ತೂಕ ಇಳಿಸುವುದಕ್ಕೆ. ತುಕ್ಕು ಹಿಡಿಯದ ಉಕ್ಕೂ ಇತ್ತು, ಬೇಡವೆಂದೆ. ಇದಕ್ಕೆ ವಾರಕ್ಕೊಮ್ಮೆ ಎಣ್ಣೆ ಕೈ ಆಡಿಸಿದರೆ ಸಾಕು, ಮೊಂಡಾದರೆ ಹೊಳೆಯ ಯಾವ ಕಲ್ಲಿನ ಮೇಲೆ ಉಜ್ಜಿದರೂ ಹದ ಬರುತ್ತದೆ. ಅದೇ ಮಾದರಿಯ ಐದು ಚಾಕು ಸಾಲಾಗಿ ಇಡಿಸಿ, ಕಣ್ಣು ಮುಚ್ಚಿ ಒಂದೊಂದನ್ನೇ ಕೈಯಲ್ಲಿ ತೂಗಿ ನಿನ್ನದನ್ನು ಆರಿಸಿದೆ. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ.

ಆ ಚಾಕುವಿಗೆ ಅದನ್ನು ಮಾಡಿದ ಕಾರ್ಖಾನೆಯದೇ ಒರೆ ಇತ್ತು. ಗಟ್ಟಿ ಪ್ಲಾಸ್ಟಿಕ್ಕಿನದು. ನೋಡಲು ಅಂದವಿಲ್ಲದಿದ್ದರೂ ಕೆಟ್ಟದ್ದಲ್ಲ ಎಂದು ಈಗ ಒಪ್ಪುತ್ತೇನೆ. ಆ ದಿನ ಮಾತ್ರ, ಒರೆ ಹೊಲಿಯೋನ ಮಗಳು ಡಬ್ಬಿಯಲ್ಲಿ ಚಾಕು ಇಟ್ಕೊಂಡು ತಿರುಗ್ತಾಳೇನಯ್ಯ ಎಂದು ಜಂಬ ಕೊಚ್ಚಿ ಅದನ್ನು ಅಂಗಡಿಯಲ್ಲೇ ಎಸೆದು ಬಂದೆ. ಮನೆಗೆ ಬಂದು ನಾನೇ ಹೊಲಿಯಲು ಕೂತೆ. ಎರಡು ದಿನ ಹೊಲಿದೆ. ಹೊಲಿಗೆಯ ಮೇಲೆ ನಂಬಿಕೆ ಇಲ್ಲದವರು ಲೋಹದ ಮೊಳೆ ಹೊಡೆಯುತ್ತಾರೆ, ನನಗೆ ಅದೂ ಬೇಡವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳುತ್ತಿದ್ದೇನೆ ಎಂದು ನಿನಗೂ ಗೊತ್ತಾಗಿರುತ್ತದೆ.

ಒರೆಯೆಂದರೆ ಎರಡು ಪದರ ಚರ್ಮ. ಆ ಎರಡರ ನಡುವೆ, ಅಲಗಿನ ಬಾಯಿ ಬರುವ ಕಡೆಯ ಅಂಚಿಗೆ, ಒಂದು ದಪ್ಪ ಚರ್ಮದ ಪಟ್ಟಿ ಇಟ್ಟು ಸೇರಿಸಿ ಹೊಲಿಯಬೇಕು. ಹರಿತವಾದ ಬಾಯಿ ಆ ಪಟ್ಟಿಗೆ ತಾಗಿ ನಿಲ್ಲುತ್ತದೆ, ದಾರದವರೆಗೆ ಬರುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಚಾಕು ಒಳಗೆ ಇಟ್ಟಾಗಲೆಲ್ಲ, ತೆಗೆದಾಗಲೆಲ್ಲ ದಾರದ ಎಳೆ ಕೊಯ್ಯುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ಬಂಡೆಯಿಂದ ಜಾರಿಯೋ, ಸುಮ್ಮನೆ ಕುಕ್ಕುರು ಕೂತೋ ಒತ್ತಡ ಬಿದ್ದರೆ ಹೊಲಿಗೆ ಬಾಯಿ ಬಿಟ್ಟು ಅಲಗು ತೊಡೆಗೆ ಇಳಿಯುತ್ತದೆ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲನೆಯ ದಿನ ಹೇಳಿಕೊಡುತ್ತಿದ್ದ ಪಾಠವೇ ಇದು.

ನಿನ್ನ ಒರೆಯಲ್ಲಿ ಆ ಪಟ್ಟಿ ಇಲ್ಲ ಮಗಳೇ.

ಕಳೆದ ಗುರುವಾರ ಮೇಜು ಒರೆಸುವಾಗ ಚರ್ಮ ಕೊಯ್ಯುವ ಹಲಗೆಯ ಅಡಿಯಲ್ಲಿ ಕೈಗೆ ಏನೋ ಸಿಕ್ಕಿತು. ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಬಾಗಿದ್ದು, ಏಳು ಇಂಚು ಉದ್ದ. ಬೆರಳಾಡಿಸಿದ ಕೂಡಲೇ ಗೊತ್ತಾಯಿತು. ನಾನೇ ಅಳೆದು ಕತ್ತರಿಸಿ, ಅಂಚು ಸವರಿ ಇಟ್ಟದ್ದು. ಆ ದಿನ ಮೋಡ ಕವಿದಿತ್ತು, ಕಿಟಕಿಯ ಬೆಳಕು ಸಾಲದಾಗಿತ್ತು, ಅಂಗಡಿಯವನು ಪೊಟ್ಟಣ ಒಯ್ಯುವ ಗಾಡಿ ಹೊರಡುತ್ತೆ ಅಂತ ಎರಡು ಸಲ ಹೇಳಿ ಕಳಿಸಿದ್ದ. ಇವೆಲ್ಲ ಕಾರಣ ಅಲ್ಲ, ಗೊತ್ತು. ತಪ್ಪು ನನ್ನದು.

ಪೊಟ್ಟಣ ಇನ್ನೂ ದಾರಿಯಲ್ಲಿರಬಹುದು ಎಂದು ಒಂದು ಆಸೆಯಿತ್ತು. ಶನಿವಾರ ನಿನ್ನ ಕಾರ್ಡು ಬಂತು. ಚಾಕು ತಲುಪಿತು, ಅಪ್ಪನ ಒರೆ ನನ್ನ ಸೊಂಟದಿಂದ ಇಳಿಯುವುದೇ ಇಲ್ಲ, ಮಲಗುವಾಗಲೂ ಪಕ್ಕದಲ್ಲೇ ಇರುತ್ತದೆ, ಹೀಗಂತ ಅವರಿಗೆ ಹೇಳು ಎಂದು ಅಮ್ಮನಿಗೆ ಬರೆದಿದ್ದೆ. ಎರಡು ವರ್ಷ ಇಂಥ ಒಂದು ಮಾತಿಗೆ ಕಾದಿದ್ದೆ. ಬಂದಾಗ ಅದನ್ನು ಕೇಳಿಸಿಕೊಳ್ಳಲು ಆಗಲಿಲ್ಲ, ಎದ್ದು ಹಿತ್ತಲಿಗೆ ಹೋದೆ.

ಸುಮ್ಮನೆ ಕೂತಿಲ್ಲ. ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ನಿಮ್ಮ ಅಳತೆ ಕಚೇರಿಯ ಮುಂದೆ ನಿಂತಿದ್ದೆ. ಮೇಜಿನ ಹಿಂದಿನ ಹೆಂಗಸು ಒಳ್ಳೆಯವಳೇ, ಕುರ್ಚಿ ಕೊಟ್ಟಳು. ನೀವೆಲ್ಲ ಈಗ ಮೇಲಿನ ಬಿಡಾರಕ್ಕೆ ಹೋಗಿದ್ದೀರಿ, ಅಲ್ಲಿಗೆ ಫೋನು ಸಿಗುವುದಿಲ್ಲ, ವೈರ್‌ಲೆಸ್ ಇರುವುದು ತುರ್ತಿಗೆ ಮಾತ್ರ ಎಂದಳು. ಇದು ತುರ್ತೇ ಎಂದೆ. ಏನಾಗಿದೆ ಸರ್, ಯಾರಿಗಾದರೂ ಪೆಟ್ಟಾಗಿದೆಯಾ ಅಂತ ಕೇಳಿದಳು. ಇನ್ನೂ ಇಲ್ಲ ಎಂದೆ. ಒಂದು ಫಾರಂ ಕೊಟ್ಟು ತುಂಬಿಸಿ ಎಂದಳು, ಅಕ್ಷರ ಬಹಳ ಸಣ್ಣದಿತ್ತು, ಅವಳ ಕೈಯಿಂದಲೇ ತುಂಬಿಸಿದೆ. ಕಾರಣ ಎಂಬ ಜಾಗದಲ್ಲಿ ಚಾಕುವಿನ ಒರೆ ಎಂದು ಬರೆದಳು. ಮೇಲಿನ ಅಧಿಕಾರಿಗಳು ನೋಡ್ತಾರೆ ಅಂದಳು. ಆ ಎರಡು ಪದ ನೋಡಿ ಮೇಲಿನವರು ಏನು ಮಾಡುತ್ತಾರೋ ನನಗೂ ಗೊತ್ತು, ಅವಳಿಗೂ ಗೊತ್ತು.

ಅಲ್ಲಿಂದ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಒರೆ ಕೇಳಿದೆ. ನೀವೇ ಅಲ್ವಾ ಯಜಮಾನ್ರೇ ಎಸೆದಿದ್ದು, ಕಸದ ಗಾಡಿಗೆ ಹೋಯ್ತು ಅಂದ. ಉಳಿದ ನಾಲ್ಕೂ ಒರೆಯ ಸಮೇತ ಮಾರಿಹೋಗಿವೆ. ಹೊಸದೊಂದನ್ನು ಹೊಲಿದು ಕಳಿಸಬಾರದೇ ಎಂದು ನೀನು ಕೇಳುತ್ತೀಯ. ಕೂತೆ. ಚರ್ಮ ಕತ್ತರಿಸಿದೆ. ದಬ್ಬಳ ಹಿಡಿದು ಎರಡು ಗಂಟೆ ಕೂತಿದ್ದು ಎದ್ದುಬಂದೆ. ಹೆಬ್ಬೆರಳು ಊದಿದೆ ಎಂದೆನಲ್ಲ.

ಈ ಪತ್ರ ಶುಕ್ರವಾರದ ಗಾಡಿಯಲ್ಲಿ ಕೆಳಗಿನ ಬಿಡಾರಕ್ಕೆ ಬರುತ್ತದೆ, ಅಲ್ಲಿಂದ ಸಾಮಾನು ಹೊರುವವರ ಜೊತೆ ನಾಲ್ಕು ದಿನ ನಡೆದು ನಿನ್ನ ಹತ್ತಿರ ಬರಬೇಕು. ಇಂದಿನಿಂದ ಒಂದು ವಾರ. ಆ ಒಂದು ವಾರ ನೀನು ಹತ್ತುತ್ತೀಯ, ಇಳಿಯುತ್ತೀಯ, ಕೂರುತ್ತೀಯ, ದಿನಕ್ಕೆ ಎಷ್ಟು ಸಲ ಅದನ್ನು ಎಳೆದು ಇಡುತ್ತೀಯೋ. ಇಲ್ಲಿ ಕೈ ಕೈ ಹಿಸುಕಿಕೊಳ್ಳುವುದು ಬಿಟ್ಟರೆ ನನ್ನಿಂದ ಏನೂ ಆಗುವುದಿಲ್ಲ. ನೀನು ಹೊರಟ ದಿನ ನಿನ್ನನ್ನು ತಡೆಯಬೇಕೆಂದು ಏನೆಲ್ಲ ಕೂಗಾಡಿದೆ, ಹೋದರೆ ಈ ಮನೆಗೆ ಬರಬೇಡ ಎಂದೂ ಅಂದೆ. ನಿನಗೆ ಏನಾದರೂ ಆದೀತು ಎಂಬ ಹೆದರಿಕೆ ನನಗೆ. ಅದನ್ನು ಹೆದರಿಕೆ ಎಂದೇ ಹೇಳಲು ಬಾಯಿ ಬರಲಿಲ್ಲ. ಈಗ ನಿನಗೆ ಆಗಬಾರದ್ದನ್ನು ನಾನೇ ಕೈಯಾರೆ ಹೊಲಿದು ಕಳಿಸಿದ್ದೇನೆ.

ಇದರೊಂದಿಗೆ ನೀರಿನ ಪೈಪಿನ ತುಂಡೊಂದನ್ನು ಉದ್ದಕ್ಕೆ ಸೀಳಿ ಇಟ್ಟಿದ್ದೇವೆ. ಚಾಕುವನ್ನು ನಿಧಾನವಾಗಿ ಹೊರತೆಗೆದು ಅಲಗಿನ ಬಾಯಿಗೆ ಅದನ್ನು ತೊಡಿಸು, ಮೇಲೆ ಬಟ್ಟೆ ಸುತ್ತಿ ಚೀಲದೊಳಗೆ ಇಡು. ಚಾಕು ಒಳ್ಳೆಯದು, ಅದನ್ನು ಎಸೆಯಬೇಡ. ಒರೆಯನ್ನು ಒಲೆಗೆ ಹಾಕು. ನನಗೆ ಬೇಜಾರಾದೀತೆಂದು ಸೊಂಟಕ್ಕೆ ಕಟ್ಟಿಕೊಂಡಿರಬೇಡ, ನಿನ್ನ ಕಾಲು ಹಿಡಿದು ಕೇಳುತ್ತೇನೆ.

ತಪ್ಪು ನನ್ನದು. ಇನ್ನೊಮ್ಮೆ ಬರೆ ಎಂದು ಅಮ್ಮನಿಗೆ ಹೇಳಿದ್ದೇನೆ. ತಪ್ಪು ನನ್ನದು. ರಜೆ ಸಿಕ್ಕಾಗ ಮನೆಗೆ ಬಾ.

ಇಂತಿ ನಿನ್ನ ದಾರಿ ಕಾಯುತ್ತಿರುವ,
ಅಪ್ಪ

ಮತ್ತೆ: ಇದು ಅಮ್ಮ. ಕರಾರು ಮುರಿಯುತ್ತಿದ್ದೇನೆ. ಅವರು ಸ್ನಾನಕ್ಕೆ ಹೋಗಿದ್ದಾರೆ. ಎದುರಿಗೇ ಕೂತಿದ್ದರೂ ನಾನು ಏನು ಬರೆಯುತ್ತಿದ್ದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಮೇಲಿನ ಸಹಿ ನೋಡು. ಸಹಿ ಮಾತ್ರ ನಾನೇ ಹಾಕಬೇಕು ಎಂದು ಪೆನ್ನು ಇಸಿದುಕೊಂಡರು, ಅದು ಸಾಲು ಬಿಟ್ಟು ಮೇಲಿನ ಅಕ್ಷರಗಳ ಮೇಲೆ ಹತ್ತಿದೆ. ಹೆಬ್ಬೆರಳಿಗೆ ಏನೂ ಆಗಿಲ್ಲ ಮಗಳೇ. ಕನ್ನಡಕವೂ ಕಳೆದಿಲ್ಲ, ಗೂಡಿನಲ್ಲೇ ಇದೆ. ಒಂದು ವರ್ಷದಿಂದ ಅವರಿಗೆ ಕಣ್ಣು ಕಾಣುತ್ತಿಲ್ಲ. ಬೆಳಕು, ನೆರಳು ಗೊತ್ತಾಗುತ್ತದೆ, ಅಷ್ಟೇ. ಅಂಗಿ ಒಗೆಯುವಾಗ ಜೇಬಿನಲ್ಲಿ ಕಣ್ಣಿನ ಡಾಕ್ಟರ ಚೀಟಿ ಸಿಕ್ಕಿತ್ತು, ಅದರಲ್ಲಿ ಇನ್ನು ಏನೂ ಮಾಡುವ ಹಾಗಿಲ್ಲ ಎಂದಿತ್ತು. ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ನಾನೂ ಗೊತ್ತಿಲ್ಲದ ಹಾಗೆ ತಟ್ಟೆಯನ್ನು ಕೈಗೆ ಸಿಗುವ ಹಾಗೆ ಇಡುತ್ತೇನೆ, ಬಾಗಿಲಿಗೆ ಅಡ್ಡವಿದ್ದ ಸ್ಟೂಲು ಸರಿಸುತ್ತೇನೆ.

ನಿನ್ನ ಒರೆ ಹೊಲಿಯುವಾಗ ನಾನು ಪಕ್ಕದಲ್ಲೇ ಕೂತು ದಾರಕ್ಕೆ ಮೇಣ ಹಚ್ಚಿ ಕೊಡುತ್ತಿದ್ದೆ. ಪಟ್ಟಿ ಮೇಜಿನ ಮೇಲೆ ಬಿದ್ದಿತ್ತು. ಎರಡನೆಯ ಸುತ್ತಿನ ಹೊಲಿಗೆ ನಡೆಯುತ್ತಿದ್ದಾಗ ನನ್ನ ಕಣ್ಣಿಗೆ ಬಿತ್ತು. ಅದು ಏನು, ಎಲ್ಲಿರಬೇಕಾದದ್ದು ಎಂದು ಒರೆ ಹೊಲಿಯುವವರ ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಯಿ ತೆರೆದೆ. ಅವರು ಗುನುಗುತ್ತಿದ್ದರು. ನೀನು ಹೋದಮೇಲೆ ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಹಿಂದೆ ಒಮ್ಮೆ ಹೊಲಿಗೆ ತಪ್ಪಿದೆ ಎಂದು ತೋರಿಸಿದ್ದಕ್ಕೆ ತಿಂಗಳುಗಟ್ಟಲೆ ದಬ್ಬಳ ಮುಟ್ಟಿರಲಿಲ್ಲ. ಈಗ ಹೇಳಿದರೆ ಕಣ್ಣಿನ ವಿಷಯ ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ ಎನಿಸಿತು. ನಾಳೆ ಹೇಗಾದರೂ ನಯವಾಗಿ ಹೇಳೋಣ ಎಂದುಕೊಂಡು, ಅವರ ಕೈಗೆ ಸಿಗದಿರಲಿ ಎಂದು ಪಟ್ಟಿಯನ್ನು ಹಲಗೆಯ ಅಡಿಗೆ ಸರಿಸಿಟ್ಟೆ. ಸಂಜೆಯ ಗಾಡಿಗೇ ಅವರು ಪೊಟ್ಟಣ ಕೊಟ್ಟು ಬಂದರು.

ತಪ್ಪು ನನ್ನದು ಎಂದು ಮೂರು ಸಲ ಹೇಳಿ ಬರೆಸಿದ್ದಾರೆ. ಮೂರು ಸಲವೂ ಬರೆದದ್ದು ನನ್ನ ಕೈ. ಪೆನ್ನು ನಿಲ್ಲಿಸಿ ನಿಜ ಹೇಳಲು ನನ್ನಿಂದ ಆಗಲಿಲ್ಲ.

ಇದು ಸೇರಿದ ದಿನವೇ ಎರಡು ಸಾಲು ಬರೆ. ಅಪ್ಪನ ಹೆಸರಿಗೇ ಬರೆ. ನಿನಗೆ ಏನಾದರೂ ಆಗಿದ್ದರೆ ಮುಚ್ಚಿಡದೆ ಅದನ್ನೂ ಬರೆ. ಅವರಿಗೆ ಏನು ಓದಿ ಹೇಳಬೇಕೋ ಅದನ್ನು ನಾನು ಓದಿ ಹೇಳುತ್ತೇನೆ.